ಹಾವು ತರುವ ಮುನ್ನ ಹುತ್ತ ಕಟ್ಟಿ

ವಿದೇಶಿ ಹಾವು ಸಾಕುವ ಹವ್ಯಾಸ ನಮ್ಮ ನಗರಗಳಿಗೂ ಕಾಲಿಟ್ಟಿದೆ. ಹಾವಿನ ಬಣ್ಣ, ಬೆಲೆಗಳ ಬಗ್ಗೆ ನಡೆಯುವಷ್ಟು ಮಾತು ಅದು ಬದುಕಬೇಕಾದ ಪೆಟ್ಟಿಗೆಯ ಬಗ್ಗೆ ನಡೆಯುವುದಿಲ್ಲ. ಆದರೆ ಹಾವಿನ ಅಳಿವು ಉಳಿವು ತೀರ್ಮಾನವಾಗುವುದು ಅಲ್ಲಿಯೇ.

2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ, ಬ್ಯಾಂಕಾಕ್‌ನಿಂದ ಬಂದಿದ್ದ ಲಗೇಜನ್ನು ಕಸ್ಟಮ್ಸ್ ಅಧಿಕಾರಿಗಳು ಬಿಚ್ಚಿಸಿದಾಗ ಒಳಗೆ 78 ಪ್ರಾಣಿಗಳಿದ್ದವು: 55 ಬಾಲ್ ಪೈಥಾನ್ ಹೆಬ್ಬಾವು, 17 ಕಾಳಿಂಗ ಸರ್ಪ ಮತ್ತು ಆಗಲೇ ಸತ್ತುಹೋಗಿದ್ದ 6 ಕ್ಯಾಪುಚಿನ್ ಕೋತಿಗಳು. ಮರುವರ್ಷದ ಏಪ್ರಿಲ್‌ನಲ್ಲಿ ಅದೇ ಬ್ಯಾಂಕಾಕ್ ದಾರಿಯಲ್ಲಿ ಬಂದ ಪ್ರಯಾಣಿಕನೊಬ್ಬನ ಬ್ಯಾಗಿನಲ್ಲಿ 10 ಹಳದಿ ಅನಕೊಂಡಾಗಳು ಸಿಕ್ಕವು. ಕೊಳ್ಳುವ ಕೈ ಇಲ್ಲದೆ ಯಾರೂ ಹೀಗೆ ಹಾವು ಹೊತ್ತು ತರುವುದಿಲ್ಲ. ಕಾನೂನುಬದ್ಧವಾಗಿ ತರಿಸಿಕೊಂಡವರೂ, ಇಲ್ಲಿಯೇ ಹುಟ್ಟಿದ ಮರಿಯನ್ನು ಕೊಂಡವರೂ ಇದ್ದಾರೆ. ಹಾವು ಬಂದ ದಾರಿ ಯಾವುದೇ ಇರಲಿ, ತಪ್ಪುವುದು ಬಹುಮಟ್ಟಿಗೆ ಒಂದೇ ಕಡೆ: ಮೊದಲು ಹಾವು ಬರುತ್ತದೆ, ಅದನ್ನು ಎಲ್ಲಿಡುವುದು, ಎಷ್ಟು ಬೆಚ್ಚಗಿಡುವುದು ಎಂಬ ವಿಚಾರಣೆ ಆಮೇಲೆ ಶುರುವಾಗುತ್ತದೆ. ಈ ಕ್ರಮ ತಲೆಕೆಳಗಾಗಬೇಕು ಎಂಬುದು ಈ ಲೇಖನದ ವಾದ. ನಾಯಿ, ಬೆಕ್ಕು ನಮ್ಮ ಮನೆಗೆ ಹೊಂದಿಕೊಳ್ಳುತ್ತವೆ. ಹಾವಿಗೆ ಆ ಶಕ್ತಿಯಿಲ್ಲ, ಅದರ ಮನೆಯನ್ನೇ ಬೇರೆ ಕಟ್ಟಿಕೊಡಬೇಕು. ಆ ಮನೆ ಸರಿಯಿದೆಯೇ ಎಂದು ಅಳೆಯಲು ಒಂದೇ ಪ್ರಶ್ನೆ ಸಾಕು: ಒಳಗಿರುವ ಜೀವಿಗೆ ಅದು ಎಷ್ಟು ಆಯ್ಕೆಗಳನ್ನು ಬಿಟ್ಟುಕೊಟ್ಟಿದೆ?

ಮೊದಲು ಕಾನೂನಿನ ಮಾತು ಮುಗಿಸಿಬಿಡಬಹುದು. ನಾಗರಹಾವು, ಕೇರೆ, ಹೆಬ್ಬಾವು, ಮಣ್ಣುಮುಕ್ಕ, ಹೀಗೆ ನಮ್ಮ ನೆಲದ ಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅವನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ, ಅದರಲ್ಲಿ ಚರ್ಚೆಗೆ ಎಡೆಯಿಲ್ಲ. ವಿದೇಶಿ ಪ್ರಾಣಿಗಳ ವಿಷಯದಲ್ಲಿ 2022ರ ತಿದ್ದುಪಡಿ ಹೊಸ ದಾರಿ ಹಾಕಿತು. ವನ್ಯಜೀವಿ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಭೇದಗಳು ಕಾಯ್ದೆಯ ನಾಲ್ಕನೇ ಅನುಸೂಚಿಗೆ ಬಂದವು. 2024ರ ನಿಯಮಗಳ ಪ್ರಕಾರ ಅವನ್ನು ಇಟ್ಟುಕೊಂಡವರು ಕೇಂದ್ರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು. ಪಶ್ಚಿಮ ಆಫ್ರಿಕಾದ ಬಾಲ್ ಪೈಥಾನ್ ಈ ಪಟ್ಟಿಯಲ್ಲಿದೆ. ಜಗತ್ತಿನಲ್ಲಿ ಅತಿ ಹೆಚ್ಚು ಸಾಕಲಾಗುವ ಹಾವುಗಳಲ್ಲಿ ಅದೂ ಒಂದಾದ್ದರಿಂದ ಇಲ್ಲಿ ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಬಿಸಿಲೇ ಅದರ ಜಠರಾಗ್ನಿ

ಹಾವನ್ನು ಶೀತರಕ್ತ ಪ್ರಾಣಿ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಅದರ ಅರ್ಥವನ್ನು ಮಾತ್ರ ಪೂರ್ತಿ ಗಮನಿಸಿರುವುದಿಲ್ಲ. ನಾವು ಉಂಡ ಅನ್ನದ ಬಹುಪಾಲು ಮೈ ಬೆಚ್ಚಗಿಡುವುದಕ್ಕೇ ಖರ್ಚಾಗುತ್ತದೆ. ಹಾವು ಆ ಖರ್ಚನ್ನು ಹೊರಗಿನ ಪರಿಸರಕ್ಕೆ ಬಿಟ್ಟಿದೆ, ಹಾಗಾಗಿಯೇ ವಾರಗಟ್ಟಲೆ ಉಪವಾಸವಿದ್ದು ಬದುಕಬಲ್ಲದು. ಇದಕ್ಕೆ ಬದಲಾಗಿ ಅದು ಇಡೀ ದಿನ ಒಂದು ಕೆಲಸ ಮಾಡುತ್ತಲೇ ಇರಬೇಕು: ಬಿಸಿ ಬೇಕಾದಾಗ ಬಿಸಿಯ ಕಡೆಗೆ, ತಂಪು ಬೇಕಾದಾಗ ತಂಪಿನ ಕಡೆಗೆ ಸರಿಯಬೇಕು. ನಮ್ಮ ಮೈ ಒಳಗೊಳಗೇ ಮಾಡಿಕೊಳ್ಳುವ ಹೊಂದಾಣಿಕೆಯನ್ನು ಹಾವು ಜಾಗ ಬದಲಿಸಿ ಮಾಡುತ್ತದೆ. ಸರಿಯುವುದಕ್ಕೆ ಜಾಗವೇ ಇಲ್ಲದಿದ್ದರೆ ಅದರ ಶರೀರಕ್ರಿಯೆಯ ಒಂದು ಭಾಗವನ್ನೇ ನಾವು ಕಿತ್ತುಕೊಂಡಂತಾಗುತ್ತದೆ.

ಊಟದ ನಂತರ ಹೆಬ್ಬಾವಿನ ಹೊಟ್ಟೆಯಲ್ಲಿ ಏನಾಗುತ್ತದೆ ಎಂದು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಅಮೆರಿಕದ ಸ್ಟೀಫನ್ ಸೀಕರ್ ಮತ್ತು ಜೇರೆಡ್ ಡೈಮಂಡ್ 1990ರ ದಶಕದಲ್ಲಿ ಬರ್ಮಾ ಹೆಬ್ಬಾವುಗಳ ಮೇಲೆ ನಡೆಸಿದ ಅಧ್ಯಯನಗಳು ಪ್ರಾಣಿಶಾಸ್ತ್ರದಲ್ಲಿ ಹೆಸರುವಾಸಿ. ದೊಡ್ಡ ಬೇಟೆಯನ್ನು ನುಂಗಿದ ಒಂದೆರಡು ದಿನಗಳಲ್ಲಿ ಅದರ ಚಯಾಪಚಯ ಹತ್ತಾರು ಪಟ್ಟು ಏರುತ್ತದೆ, ಉಪವಾಸದಲ್ಲಿ ಕುಗ್ಗಿದ್ದ ಸಣ್ಣಕರುಳಿನ ತೂಕ ಇಮ್ಮಡಿಯಾಗುತ್ತದೆ. ಎರಡೇ ದಿನದಲ್ಲಿ ಹೃದಯದ ಕುಹರದ ತೂಕ ಸುಮಾರು ಶೇ 40ರಷ್ಟು ಹೆಚ್ಚುತ್ತದೆ ಎಂದು 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಪ್ರಬಂಧ ತೋರಿಸಿತು. ಇಷ್ಟೆಲ್ಲ ನಡೆಯಲು ಹೊರಗಿನ ಶಾಖ ಬೇಕೇ ಬೇಕು. ಕೂದಲು, ಮೂಳೆ ಸಮೇತ ಇಡಿಯಾಗಿ ನುಂಗಿದ ಇಲಿ ಹೊಟ್ಟೆಯಲ್ಲಿದ್ದು, ಮೈಗೆ ಶಾಖ ಸಿಗದೇ ಹೋದರೆ ಜೀರ್ಣಕ್ಕಿಂತ ಮೊದಲು ಕೊಳೆಯುವಿಕೆ ಶುರುವಾಗುತ್ತದೆ. ಹಾವು ಅದನ್ನು ಕಕ್ಕಿಬಿಡುತ್ತದೆ. ದಿನಗಟ್ಟಲೆ ತಣ್ಣಗಿನ ಪೆಟ್ಟಿಗೆಯಲ್ಲೇ ಇದ್ದರೆ ರೋಗನಿರೋಧಕ ಶಕ್ತಿ ಕುಂದಿ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ ಬರುವುದು ಅದರ ಲಕ್ಷಣ. ಸಾಕಿದ ಹಾವುಗಳನ್ನು ನೋಡುವ ಪಶುವೈದ್ಯರ ಮುಂದೆ ಬರುವ ಕಾಯಿಲೆಗಳಲ್ಲಿ ಬಹಳಷ್ಟರ ಬೇರು ಹೀಗೆ ಗೂಡಿನಲ್ಲೇ ಇರುತ್ತದೆ. ಗೂಡು ಸರಿಪಡಿಸದೆ ಕೊಟ್ಟ ಔಷಧಿ ನಿಲ್ಲುವುದಿಲ್ಲ.

ಈಗ ಬಾಲ್ ಪೈಥಾನ್‌ನ ತವರನ್ನು ನೋಡೋಣ. ಘಾನಾ, ಟೋಗೊ, ಬೆನಿನ್ ದೇಶಗಳ ಹುಲ್ಲುಗಾವಲು, ಹೊಲದ ಅಂಚು, ಕುರುಚಲು ಕಾಡು ಅದರ ನೆಲೆ. ಹಗಲೆಲ್ಲ ದಂಶಕಗಳು ತೋಡಿದ ಬಿಲಗಳಲ್ಲಿ, ಗೆದ್ದಲು ಕಟ್ಟಿದ ಹುತ್ತಗಳಲ್ಲಿ ಅಡಗಿದ್ದು ಇರುಳಿಗೆ ಹೊರಬೀಳುತ್ತದೆ. ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲು ಎಂಬ ಮಾತು ನಮ್ಮಲ್ಲಿ ಎಷ್ಟು ನಿಜವೋ ಅಲ್ಲಿಯೂ ಅಷ್ಟೇ ನಿಜ. ಹುತ್ತದೊಳಗೆ ಹೊರಗಿನ ಸುಡುಬಿಸಿಲೂ ಇಲ್ಲ, ಒಣಗಾಳಿಯೂ ಇಲ್ಲ. ಕತ್ತಲು, ಹದವಾದ ತೇವ, ಮೈಗೆ ತಾಗುವಷ್ಟು ಇಕ್ಕಟ್ಟು. ಬಾಯಾರಿದಾಗ, ಹಸಿದಾಗ, ಮೈ ಕಾಯಿಸಬೇಕೆನಿಸಿದಾಗ ಹೊರಬರಲು ದಾರಿಯೂ ಉಂಟು. ಹಾವು ಸಾಕುವವರು ಮನೆಯಲ್ಲಿ ಕಟ್ಟಬೇಕಾದದ್ದು ಇದನ್ನೇ: ಒಂದು ಹುತ್ತ ಮತ್ತು ಅದರ ಸುತ್ತಲಿನ ಒಂದು ತುಂಡು ನೆಲ. ಮಾರಾಟಗಾರರು ಕೊಟ್ಟುಕಳಿಸುವ ಪಾರದರ್ಶಕ ಡಬ್ಬದಲ್ಲಿ ಇವೆರಡೂ ಇರುವುದಿಲ್ಲ.

ಎರಡು ತುದಿ, ನಡುವೆ ದಾರಿ

ಬೆಳೆದ ಬಾಲ್ ಪೈಥಾನ್ ಮೂರರಿಂದ ಐದು ಅಡಿ ಉದ್ದವಿರುತ್ತದೆ. ಅದಕ್ಕೆ ಕನಿಷ್ಠ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಗೂಡು ಬೇಕು ಎಂಬುದು ಈಗ ಅನುಭವಸ್ಥರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಮಾತು. ಉದ್ದ ಯಾಕೆ ಮುಖ್ಯವೆಂದರೆ ಬಿಸಿ ಮತ್ತು ತಂಪಿನ ನಡುವೆ ಅಂತರ ಬೇಕು. ಒಂದು ತುದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 25ರಿಂದ 27 ಡಿಗ್ರಿ ಇರಬೇಕು. ಗಿಡ್ಡ ಪೆಟ್ಟಿಗೆಯಲ್ಲಿ ಹೀಟರ್ ಹಾಕಿದರೆ ಎರಡೂ ತುದಿ ಒಂದೇ ಬಿಸಿಗೆ ಬಂದು ನಿಲ್ಲುತ್ತವೆ, ಹಾವಿಗೆ ಸರಿಯಲು ದಿಕ್ಕೇ ಇರುವುದಿಲ್ಲ. ಅಡಗುತಾಣವೂ ಎರಡು ಬೇಕು, ಬಿಸಿ ತುದಿಯಲ್ಲೊಂದು, ತಂಪು ತುದಿಯಲ್ಲೊಂದು. ಒಂದೇ ಇದ್ದರೆ ಹಾವು ಸುರಕ್ಷೆ ಮತ್ತು ಶಾಖ ಇವೆರಡರಲ್ಲಿ ಒಂದನ್ನು ಬಿಡಬೇಕಾಗುತ್ತದೆ. ಅಂಜುಬುರುಕ ಹಾವು ಸುರಕ್ಷೆಯನ್ನೇ ಆರಿಸಿಕೊಂಡು ತಣ್ಣಗಿನ ಮೂಲೆಯಲ್ಲಿ ಸುತ್ತಿಕೊಂಡು ಕೂತುಬಿಡುತ್ತದೆ. ಅದು ಜೀರ್ಣಿಸಿಕೊಳ್ಳುತ್ತಿಲ್ಲ ಎಂದು ನಮಗೆ ಗೊತ್ತಾಗುವುದು ವಾರಗಳ ಮೇಲೆ.

ಶಾಖದ ಸಾಧನ ಯಾವುದೇ ಆಗಿರಲಿ, ಮೇಲಿನಿಂದ ಕಾಯಿಸುವ ಬಲ್ಬ್, ಸೆರಾಮಿಕ್ ಹೀಟರ್, ಕೆಳಗೆ ಅಂಟಿಸುವ ಹೀಟ್ ಮ್ಯಾಟ್, ಅದನ್ನು ಥರ್ಮೋಸ್ಟಾಟ್ ಇಲ್ಲದೆ ಪ್ಲಗ್‌ಗೆ ಹಾಕಲೇಬಾರದು. ಬಲ್ಬಿಗೆ ಜಾಲರಿಯ ಮುಚ್ಚುಗೆಯೂ ಇರಬೇಕು, ಇಲ್ಲವಾದರೆ ಹಾವು ಅದನ್ನೇ ಸುತ್ತಿಕೊಳ್ಳುತ್ತದೆ. ಹಾವು ತುಟಿಯ ಗುಳಿಗಳಿಂದ ಇಲಿಯ ಮೈಬಿಸಿಯನ್ನು ಕತ್ತಲಲ್ಲೂ ಗುರುತಿಸುವಷ್ಟು ಸೂಕ್ಷ್ಮ ಜೀವಿ. ಆದರೂ ಹೊಟ್ಟೆಯಡಿಯ ಬಿಸಿ ಕಲ್ಲು ಚರ್ಮ ಸುಡುತ್ತಿದ್ದರೂ ಕದಲದೆ ಮಲಗಿ ಗಾಯ ಮಾಡಿಕೊಂಡ ಹಾವುಗಳು ಪಶುವೈದ್ಯರಿಗೆ ಹೊಸವಲ್ಲ. ಉಳಿದೆಲ್ಲ ಜಾಗ ತಣ್ಣಗಿರುವಾಗ ಸುಡುವ ಜಾಗವೊಂದೇ ಶಾಖದ ಮೂಲವಾಗಿರುವುದು ಇದಕ್ಕೆ ಒಂದು ಕಾರಣ. ಅಲ್ಲಿಯೂ ಕೊರತೆಯಾಗಿರುವುದು ಆಯ್ಕೆಯೇ. ಥರ್ಮೋಸ್ಟಾಟ್‌ನ ತಂತಿಯ ತುದಿ ಹಾವು ಮಲಗುವ ಜಾಗದಲ್ಲೇ ಇರಬೇಕು, ಜಾರದಂತೆ ಬಿಗಿಯಾಗಿ ಕಟ್ಟಿರಬೇಕು. ಅದು ಕಳಚಿ ತಂಪಿನ ಕಡೆಗೋ ನೀರಿನ ಬೋಗುಣಿಗೋ ಬಿದ್ದರೆ ಯಂತ್ರ ಗೂಡು ತಣ್ಣಗಿದೆ ಎಂದೇ ತಿಳಿದು ಹೀಟರನ್ನು ಆರಿಸದೆ ಉರಿಸುತ್ತಲೇ ಇರುತ್ತದೆ. ಎರಡು ತುದಿಗೂ ಬೇರೆಯದೇ ಡಿಜಿಟಲ್ ಥರ್ಮಾಮೀಟರ್ ಇರಬೇಕೆನ್ನುವುದು ಅದಕ್ಕೇ. ಅಳೆಯುವ ಮತ್ತು ನಿಯಂತ್ರಿಸುವ ಕೆಲಸ ಒಂದೇ ಯಂತ್ರದ ಕೈಯಲ್ಲಿದ್ದರೆ ಅದರ ತಪ್ಪು ಹೇಳುವವರು ಇರುವುದಿಲ್ಲ.

ತೇವಾಂಶ ಶೇ 55ರಿಂದ 75ರ ನಡುವೆ ಇರಬೇಕು. ಕಡಿಮೆಯಾದರೆ ಪೊರೆ ಒಂದೇ ಚೀಲವಾಗಿ ಕಳಚುವ ಬದಲು ಚೂರುಚೂರಾಗಿ ಅಂಟಿಕೊಳ್ಳುತ್ತದೆ, ಕಣ್ಣಿನ ಮೇಲಿನ ಪೊರೆ ಹಾಗೇ ಉಳಿದುಬಿಡುತ್ತದೆ. ಅದನ್ನು ಉಗುರಿನಿಂದ ಕೀಳಲು ಹೋಗಿ ಕಣ್ಣನ್ನೇ ಹಾಳುಮಾಡುವವರಿದ್ದಾರೆ. ಹಾಸು ಸದಾ ಒದ್ದೆಯಿದ್ದರೆ ಹೊಟ್ಟೆಯ ಹುರುಪೆಗಳು ಕೊಳೆಯುತ್ತವೆ. ಗಾಳಿಯಲ್ಲಿ ತೇವ ಬೇಕು, ಹಾಸಿನ ಮೇಲ್ಮೈ ಒಣಗಿರಬೇಕು. ಈ ಹದಕ್ಕೆ ತೆಂಗಿನ ಸಿಪ್ಪೆಯ ಚೂರು, ಕೋಕೋಪೀಟ್‌ಗಳಷ್ಟು ಒಳ್ಳೆಯ ಹಾಸು ಮತ್ತೊಂದಿಲ್ಲ. ಹೊರದೇಶದ ಹಾವು ಸಾಕುವವರು ಪ್ಯಾಕೆಟ್‌ನಲ್ಲಿ ದುಡ್ಡು ಕೊಟ್ಟು ತರಿಸುವ ಈ ವಸ್ತು ತುಮಕೂರು, ಹಾಸನದ ತೆಂಗಿನ ಸೀಮೆಯಲ್ಲಿ ರಾಶಿಗಟ್ಟಲೆ ಸಿಗುತ್ತದೆ. ಚೆನ್ನಾಗಿ ತೊಳೆದು, ಗೊಬ್ಬರವಾಗಲಿ ಔಷಧಿಯಾಗಲಿ ಬೆರೆತಿಲ್ಲವೆಂದು ಖಚಿತ ಮಾಡಿಕೊಂಡರಾಯಿತು. ದೇವದಾರು, ಪೈನ್ ಮರದ ಹೊಟ್ಟು ಮಾತ್ರ ಬೇಡ, ಅವುಗಳ ಸುವಾಸನೆಯ ಎಣ್ಣೆ ಹಾವಿನ ಶ್ವಾಸಕೋಶಕ್ಕೆ ವಿಷ. ಮೈಯಿಡೀ ಮುಳುಗುವಂಥ ನೀರಿನ ಬೋಗುಣಿ, ಏರಲು ಗಟ್ಟಿ ಕೊಂಬೆ, ಹಗಲು ಇರುಳಿನ ವ್ಯತ್ಯಾಸ ತಿಳಿಯುವಂತೆ ಹನ್ನೆರಡು ಗಂಟೆ ಬೆಳಕು, ಬಾಗಿಲಿಗೆ ಬೀಗ. ತಲೆ ತೂರುವ ಸಂದಿಯಿದ್ದರೆ ಹಾವು ಹೊರಗೆ ಬಂತೆಂದೇ ಲೆಕ್ಕ.

‘ನಮ್ಮದು ಬಿಸಿ ದೇಶ ತಾನೆ?’

ಹೀಟರು, ಥರ್ಮೋಸ್ಟಾಟು ಎಲ್ಲ ಹಿಮ ಬೀಳುವ ದೇಶದವರಿಗೆ, ನಮಗೇಕೆ ಎಂಬ ಆಕ್ಷೇಪ ಸಹಜ. ಸಾಕಣೆಯ ಕೈಪಿಡಿಗಳು ಬಹುಪಾಲು ಯುರೋಪ್, ಅಮೆರಿಕದ ಮನೆಗಳನ್ನು ಮನಸ್ಸಿನಲ್ಲಿಟ್ಟು ಬರೆದವು ಎಂಬುದು ನಿಜವೇ. ಆದ್ದರಿಂದ ಅವನ್ನು ಕಣ್ಣುಮುಚ್ಚಿ ಪಾಲಿಸುವುದೂ ತಪ್ಪು, ಪೂರ್ತಿ ಕಡೆಗಣಿಸುವುದೂ ತಪ್ಪು. ಕರ್ನಾಟಕವೊಂದರಲ್ಲೇ ಹಾವಿನ ಗೂಡಿಗೆ ಮೂರು ಬಗೆಯ ಸಮಸ್ಯೆಗಳಿವೆ. ಬೆಂಗಳೂರು, ಮೈಸೂರಿನಲ್ಲಿ ಡಿಸೆಂಬರ್ ಜನವರಿಯ ರಾತ್ರಿ ಪಾದರಸ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಕಲ್ಲುಹಾಸಿನ ಮನೆಗಳಲ್ಲಿ ನೆಲವೇ ತಣ್ಣಗೆ ಕೊರೆಯುತ್ತದೆ. ಅಲ್ಲಿ ಹೀಟರ್ ಇಲ್ಲದ ಗೂಡು ಚಳಿಗಾಲ ದಾಟಿಸಲಾರದು. ಕಲಬುರಗಿ, ರಾಯಚೂರಿನಲ್ಲಿ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ಮೀರುತ್ತದೆ. ತವರಿನಲ್ಲಾದರೆ ಹಾವು ಹುತ್ತದ ಆಳಕ್ಕೆ ಇಳಿದು ತಪ್ಪಿಸಿಕೊಳ್ಳುತ್ತಿತ್ತು, ಗಾಜಿನ ಪೆಟ್ಟಿಗೆಯಲ್ಲಿ ಇಳಿಯಲು ಆಳವಿಲ್ಲ. ಅಲ್ಲಿ ಬೇಕಾದದ್ದು ಕೋಣೆಯನ್ನು ತಂಪಾಗಿಡುವ ವ್ಯವಸ್ಥೆ. ಬಿಸಿ ಹೆಚ್ಚಾದರೆ ಹಾವು ಗಂಟೆಗಳಲ್ಲಿ ಸಾಯುತ್ತದೆ, ಚಳಿಯಂತೆ ವಾರಗಳ ಅವಕಾಶ ಕೊಡುವುದಿಲ್ಲ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ತೇವಾಂಶ ತಾನಾಗಿಯೇ ಮಿತಿ ಮೀರುತ್ತದೆ. ನೀರು ಚಿಮುಕಿಸಿ ಎಂಬ ಕೈಪಿಡಿಯ ಸಲಹೆ ಅಲ್ಲಿ ಬೂಷ್ಟು ಬೆಳೆಸುವ ಸಲಹೆಯಾಗುತ್ತದೆ, ಗಾಳಿಕಿಂಡಿಯೇ ಅಲ್ಲಿನ ಮದ್ದು. ಇವಕ್ಕೆಲ್ಲ ಕರೆಂಟ್ ಬೇಕು. ಕರೆಂಟ್ ಹೋಗುವ ಊರುಗಳಲ್ಲಿ ಇನ್ವರ್ಟರ್‌ನ ಒಂದು ಲೈನು ಗೂಡಿಗೂ ಎಳೆದಿರಬೇಕು.

ತಿನ್ನುವ ಹಾವೆಲ್ಲ ಸುಖಿಯೇ?

ಇನ್ನು ಗಟ್ಟಿಯಾದ ಆಕ್ಷೇಪಕ್ಕೆ ಬರೋಣ. ಇದು ಬರುವುದು ಹಾವು ಗೊತ್ತಿಲ್ಲದವರಿಂದಲ್ಲ, ನೂರಾರು ಹಾವು ಸಾಕಿ ಮರಿ ಮಾಡಿಸುವ ತಳಿಗಾರರಿಂದ. ಅವರಲ್ಲಿ ಅನೇಕರು ಹಾವುಗಳನ್ನು ಬೀರುವಿನ ಡ್ರಾಯರುಗಳಂತೆ ಒಂದರ ಮೇಲೊಂದು ಜೋಡಿಸಿದ ತಟ್ಟೆಗಳಲ್ಲಿ ಇಡುತ್ತಾರೆ. ಇದನ್ನು ರ‍್ಯಾಕ್ ಎನ್ನುತ್ತಾರೆ. ಅವರ ವಾದ ಹೀಗಿದೆ: ಬಾಲ್ ಪೈಥಾನ್ ಬಿಲವಾಸಿ, ಇಕ್ಕಟ್ಟೇ ಅದಕ್ಕೆ ಇಷ್ಟ. ದೊಡ್ಡ ಗೂಡಿಗೆ ಹಾಕಿದರೆ ಹೆದರಿ ತಿಂಗಳುಗಟ್ಟಲೆ ಊಟ ಬಿಡುತ್ತದೆ, ರ‍್ಯಾಕಿನಲ್ಲಿ ತಿಂದು ಬೆಳೆದು ಮೊಟ್ಟೆಯಿಡುತ್ತದೆ, ಇನ್ನೇನು ಬೇಕು? ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಬೋಳು ಬೋಳಾದ ದೊಡ್ಡ ಗಾಜಿನ ತೊಟ್ಟಿಯಲ್ಲಿ ಹಾವು ಹೆದರುವುದು ಖಂಡಿತ. ಆದರೆ ಅಲ್ಲಿ ಹೆದರಿಸುವುದು ಬೋಳುತನ. ಎಲೆ, ಕೊಂಬೆ, ತೊಗಟೆಯ ಮರೆಗಳಿಂದ ತುಂಬಿದ ಅದೇ ಅಳತೆಯ ಗೂಡಿನಲ್ಲಿ ಇಕ್ಕಟ್ಟೂ ಸಿಗುತ್ತದೆ, ಬಯಲೂ ಸಿಗುತ್ತದೆ. ರ‍್ಯಾಕಿನಲ್ಲಿ ಸಿಗುವುದು ಇಕ್ಕಟ್ಟೊಂದೇ.

2021ರಲ್ಲಿ ಜರ್ಮನಿಯ ಸಂಶೋಧಕರು 35 ಬಾಲ್ ಪೈಥಾನ್‌ಗಳನ್ನು ರ‍್ಯಾಕಿನಲ್ಲೂ ಸಜ್ಜುಗೊಳಿಸಿದ ಗೂಡಿನಲ್ಲೂ ಇಟ್ಟು ನಡವಳಿಕೆಯನ್ನು ಹೋಲಿಸಿದರು. ರ‍್ಯಾಕಿನಲ್ಲಿ ಅಸಹಜ ವರ್ತನೆಗಳು ಕಂಡವು. ಏರುವುದು, ಮೈ ಕಾಯಿಸಿಕೊಳ್ಳುವುದು, ನೀರಿಗಿಳಿಯುವುದಕ್ಕೆ ಅಲ್ಲಿ ಅವಕಾಶವೇ ಇರಲಿಲ್ಲ. ಅವಕಾಶ ಸಿಕ್ಕಾಗ ಹಾವುಗಳು ಅವನ್ನೆಲ್ಲ ಮಾಡಿದವು. ಬಿಲವಾಸಿ ಎಂಬ ಹಣೆಪಟ್ಟಿಯೂ ಪೂರ್ತಿ ಸರಿಯಲ್ಲ. ಲೂಕಾ ಲೂಯಿಸೆಲ್ಲಿ ಮತ್ತು ಫ್ರಾಂಚೆಸ್ಕೊ ಆಂಜೆಲಿಚಿ ಆಗ್ನೇಯ ನೈಜೀರಿಯಾದ ಕಾಡುಗಳಲ್ಲಿ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಪ್ರಭೇದದ ಗಂಡುಗಳು ಮರವೇರಿ ಹಕ್ಕಿಗಳನ್ನು ತಿನ್ನುತ್ತಿದ್ದುದು ಕಂಡುಬಂತು. ಮೊಟ್ಟೆಯಿಡುವುದು ನೆಮ್ಮದಿಯ ಸಾಕ್ಷಿ ಎಂಬ ಮಾತೂ ನಿಲ್ಲುವುದಿಲ್ಲ. ಇಕ್ಕಟ್ಟಾದ ಪಂಜರದ ಕೋಳಿಯೂ ದಿನಾ ಮೊಟ್ಟೆಯಿಡುತ್ತದೆ. ಉಳಿವಿಗೆ ಬೇಕಾದ ಕನಿಷ್ಠಕ್ಕೂ ಬದುಕಿಗೆ ಬೇಕಾದದ್ದಕ್ಕೂ ನಡುವಿನ ಈ ಕಂದಕವನ್ನು ಅಮೆರಿಕದ ಸರೀಸೃಪ ವರ್ತನಾ ತಜ್ಞ ಗಾರ್ಡನ್ ಬರ್ಗ್‌ಹಾರ್ಟ್ ಚೆನ್ನಾಗಿ ಗುರುತಿಸಿದ್ದಾರೆ. ಸೆರೆಯಲ್ಲಿ ಸಾಕುವುದೆಲ್ಲ ಒಂದು ಅಳತೆಯಲ್ಲಿ ಪ್ರಾಣಿಯನ್ನು ವಂಚಿತವಾಗಿಡುವುದೇ. ಆ ಕೊರತೆ ಎಷ್ಟೆಂಬುದಷ್ಟೇ ನಮ್ಮ ಕೈಯಲ್ಲಿದೆ ಎಂಬುದು ಅವರ ವಿಚಾರದ ಸಾರ.

ಹಾವಿಗೇನು ತಿಳಿಯುತ್ತದೆ, ಅದಕ್ಕೇಕೆ ಇಷ್ಟೆಲ್ಲ ಎನ್ನುವವರಿಗೆ ಡೇವಿಡ್ ಹೋಲ್ಟ್‌ಸ್ಮನ್ ಮತ್ತು ಸಂಗಡಿಗರು 1999ರಲ್ಲಿ ಕಾರ್ನ್ ಸ್ನೇಕ್‌ಗಳ ಮೇಲೆ ಮಾಡಿದ ಪ್ರಯೋಗ ಉತ್ತರ ಕೊಡುತ್ತದೆ. ಬಯಲಾದ ಅಂಗಳದಲ್ಲಿ ಬಿಟ್ಟ ಮರಿಹಾವುಗಳು ತಪ್ಪಿಸಿಕೊಳ್ಳುವ ಕಿಂಡಿ ಎಲ್ಲಿದೆ ಎಂಬುದನ್ನು ಕಲಿತು, ದಿನ ಕಳೆದಂತೆ ಬೇಗ ಬೇಗ ಅಲ್ಲಿಗೆ ಸೇರತೊಡಗಿದವು. ಜಾಗದ ಜ್ಞಾನ ಇರುವ ಜೀವಿಗೆ ಜಾಗದ ಕೊರತೆಯೂ ತಟ್ಟದೇ ಇರದು. ಅದರ ಮುಖದಲ್ಲಿ ನೋವು ಕಾಣದು, ಅದು ಕೂಗುವುದಿಲ್ಲ, ಬಾಲ ಅಲ್ಲಾಡಿಸಿ ಸಂತೋಷ ತೋರುವುದಿಲ್ಲ. ದೂರು ಹೇಳದ ಪ್ರಾಣಿಯ ವಿಷಯದಲ್ಲಿ ಮನುಷ್ಯ ಉದಾಸೀನ ಮಾಡುವುದು ಸುಲಭ. ಹಾಗಾಗಿ ಹಾವು ಸಾಕುವವರು ಅದರ ಮುಖ ನೋಡುವುದಕ್ಕಿಂತ ಮಾಪಕ ನೋಡುವುದನ್ನು ಕಲಿಯಬೇಕು.

ಸಾಕಲೇಬೇಕೇ?

ಕೊನೆಯ ಆಕ್ಷೇಪವೇ ಎಲ್ಲಕ್ಕಿಂತ ಮೂಲಭೂತ: ಹಾವು ಕಾಡಿನ ಜೀವಿ, ಎಷ್ಟು ಚೆಂದದ ಗೂಡು ಕಟ್ಟಿದರೂ ಅದು ಸೆರೆಯೇ, ಸಾಕದೇ ಇರುವುದೇ ಒಳ್ಳೆಯದಲ್ಲವೇ? ಇದರಲ್ಲಿ ಬಹುಭಾಗ ಒಪ್ಪತಕ್ಕದ್ದೇ. 1975ರಿಂದೀಚೆಗೆ ಪಶ್ಚಿಮ ಆಫ್ರಿಕಾದಿಂದ 30 ಲಕ್ಷಕ್ಕೂ ಹೆಚ್ಚು ಬಾಲ್ ಪೈಥಾನ್‌ಗಳು ರಫ್ತಾಗಿವೆ. ಕಾಡಿನಿಂದ ತಂದ ಗಬ್ಬದ ಹೆಣ್ಣು ಮತ್ತು ಮೊಟ್ಟೆಗಳಿಂದ ಮರಿ ಮಾಡಿಸುವ ಕೇಂದ್ರಗಳು ಟೋಗೊ, ಬೆನಿನ್, ಘಾನಾಗಳಲ್ಲಿವೆ. ಈ ಪ್ರಭೇದ ಈಗ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಪಟ್ಟಿಯಲ್ಲಿ ಅಪಾಯದ ಅಂಚಿಗೆ ಸರಿದಿದೆ. ಬ್ಯಾಗಿನಲ್ಲಿ ಬರುವ ಹಾವನ್ನು ಕೊಳ್ಳುವ ಪ್ರತಿಯೊಬ್ಬರೂ ಆ ಸರಪಳಿಗೆ ಇನ್ನೊಂದು ಕೊಂಡಿ ಸೇರಿಸುತ್ತಾರೆ. ಆದರೆ ಈಗಾಗಲೇ ಮನೆಗಳಲ್ಲಿರುವ, ಸೆರೆಯಲ್ಲೇ ಹುಟ್ಟಿದ ಹಾವುಗಳನ್ನು ಕಾಡಿಗೆ ಬಿಡುವಂತಿಲ್ಲ. ಬಿಟ್ಟರೆ ಅವುಗಳೊಂದಿಗೆ ವಿದೇಶಿ ಉಣ್ಣೆ, ವೈರಸ್‌ಗಳೂ ನಮ್ಮ ಹಾವುಗಳನ್ನು ತಲುಪಬಹುದು. ಅವುಗಳ ಪಾಲಿಗೆ ಗೂಡೇ ಲೋಕ. ಸಾಕಬಾರದು ಎಂದು ನಂಬುವವರೂ ಆ ಲೋಕ ಚೆನ್ನಾಗಿರಬೇಕೆಂಬುದನ್ನು ಅಲ್ಲಗಳೆಯಲಾರರು.

ಗೂಡನ್ನು ಮುಂದಿಟ್ಟು ಯೋಚಿಸುವುದರಿಂದ ಇನ್ನೂ ಒಂದು ಲಾಭವಿದೆ, ಅದು ಬಹಳಷ್ಟು ಜನರನ್ನು ಹಾವು ಕೊಳ್ಳದಂತೆ ತಡೆಯುತ್ತದೆ. ಹಾವು ಕಾಣುವ ಮುನ್ನವೇ ಗೂಡು ಸಿದ್ಧಪಡಿಸಿ, ಖಾಲಿ ಗೂಡನ್ನೇ ಎರಡು ವಾರ ನಡೆಸಿ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎರಡೂ ತುದಿಯ ಉಷ್ಣಾಂಶ, ತೇವಾಂಶ ಬರೆದಿಡಬೇಕು. ಅಂಕಿಗಳು ಹದದಲ್ಲಿ ನಿಂತ ಮೇಲೆಯೇ ಹಾವು ಬರಬೇಕು. ಬಂದ ಮೇಲೂ ಮೊದಲ ಒಂದು ವಾರ ಮುಟ್ಟುವಂತಿಲ್ಲ, ನೆಂಟರಿಗೆ ತೋರಿಸುವಂತಿಲ್ಲ. ಮೊದಲೇ ಹಾವುಗಳಿರುವ ಮನೆಯಾದರೆ ಹೊಸದನ್ನು ತಿಂಗಳುಗಟ್ಟಲೆ ಬೇರೆ ಕೋಣೆಯಲ್ಲಿಡಬೇಕು. ಆಮೇಲೆ ಊಟದ ಪ್ರಶ್ನೆ: ಜೀವಂತ ಇಲಿ ಹಾವನ್ನೇ ಕಚ್ಚಿ ಗಾಯಗೊಳಿಸಬಲ್ಲದಾದ್ದರಿಂದ ಹೆಪ್ಪುಗಟ್ಟಿಸಿದ ಇಲಿಯನ್ನು ಕರಗಿಸಿ ಬೆಚ್ಚಗೆ ಮಾಡಿ ಕೊಡಬೇಕು. ಮೊಸರು, ತರಕಾರಿ ಇಡುವ ಫ್ರಿಜ್ಜಿನಲ್ಲಿ ಇಲಿ ಇಡಲು ನಮ್ಮ ಎಷ್ಟು ಮನೆಗಳ ಹಿರಿಯರು ಒಪ್ಪುತ್ತಾರೆ? ಒಪ್ಪದಿದ್ದರೆ ಪ್ರತ್ಯೇಕ ಫ್ರೀಜರ್ ಬೇಕು. ಹಾವಿನ ಮೈಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಸರೀಸೃಪ ಬೇಡವೆಂಬುದು ಆರೋಗ್ಯ ತಜ್ಞರ ಸಲಹೆ. ಹಾವಿಗೆ ಚಿಕಿತ್ಸೆ ಮಾಡಬಲ್ಲ ವೈದ್ಯರು ನಿಮ್ಮ ಊರಿನಲ್ಲಿದ್ದಾರೆಯೇ ಎಂಬುದನ್ನೂ ಮೊದಲೇ ವಿಚಾರಿಸಿರಬೇಕು.

ಇದೆಲ್ಲ ಒಂದೆರಡು ವರ್ಷದ ಮಾತೂ ಅಲ್ಲ. ಬಾಲ್ ಪೈಥಾನ್ 20ರಿಂದ 30 ವರ್ಷ ಬದುಕುವುದು ಮಾಮೂಲು. 1961ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯ ಸೇರಿದ ಹೆಣ್ಣೊಂದು 2020ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಮೊಟ್ಟೆಯಿಟ್ಟು ಸುದ್ದಿಯಾಗಿತ್ತು. ಕಾಲೇಜು ಓದುವಾಗ ಕೊಂಡ ಹಾವು ಕೆಲಸ, ಮದುವೆ, ಮಕ್ಕಳು, ನಾಲ್ಕಾರು ಬಾಡಿಗೆ ಮನೆಗಳ ವರ್ಗಾವಣೆ ಎಲ್ಲವನ್ನೂ ದಾಟಿ ಜೊತೆಗಿರುತ್ತದೆ, ಅದರ ಹಿಂದೆಯೇ ನಾಲ್ಕಡಿ ಗೂಡೂ ಲಾರಿ ಹತ್ತಬೇಕಾಗುತ್ತದೆ. ಖಾಲಿ ಗೂಡನ್ನು ಹದಿನೈದು ದಿನ ಹದದಲ್ಲಿಡಲು ಬೇಸರಪಟ್ಟವರು ಇಷ್ಟು ವರ್ಷ ಅದನ್ನು ನಡೆಸಲಾರರು. ಅವರಿಗೆ ಈ ಸತ್ಯ ಹಾವು ಕೊಳ್ಳುವ ಮೊದಲೇ ತಿಳಿಯುವುದು ಲೇಸು: ಆಗ ನಷ್ಟವಾಗುವುದು ಒಂದು ಪೆಟ್ಟಿಗೆ, ಒಂದು ಹೀಟರ್ ಮತ್ತು ಒಂದಷ್ಟು ದುಡ್ಡು ಮಾತ್ರ.